ಅಂಗಮರ್ದನ ವೃತ್ತಿಯ ನೋಂದಣಿ

ಎಣ್ಣೆ ತಿಕ್ಕಿ ಮೈ ನೀವುವುದನ್ನು ಕಸುಬಾಗಿ ಮಾಡುವವರಿಗೆ ಸರ್ಕಾರ ಕೊಡುವ ಅನುಮತಿ, ಮತ್ತು ಅದು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಲ್ಲುವ ಬಗೆ. ಭಾರತದಲ್ಲಿ ಈ ಕಸುಬಿಗೆಂದೇ ಕಾನೂನಿನ ನೋಂದಣಿ ಇಲ್ಲ. ಆದ್ದರಿಂದ ಇದರ ಚರಿತ್ರೆಯನ್ನು ಆಯುರ್ವೇದ ವೈದ್ಯರ ನೋಂದಣಿಯ ಜೊತೆಗಿಟ್ಟೇ ನೋಡಬೇಕು.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಈ ವಿದ್ಯೆ ಉಳಿದದ್ದು ಗರಡಿಯ ಉಸ್ತಾದರಲ್ಲಿ, ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೆಂಗಸರಲ್ಲಿ, ಮುರಿದ ಮೂಳೆ ಕೂರಿಸಿ ಬಿದಿರಿನ ದಬ್ಬೆ ಕಟ್ಟುವ ನಾಟಿ ವೈದ್ಯರಲ್ಲಿ. ಊರಿನ ನಂಬಿಕೆಯೇ ಅವರಿಗೆ ಪರವಾನಗಿ. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಆರಂಭವಾಗಿ, ಓದಿದ ವೈದ್ಯರ ಬೇರೊಂದು ಸಾಲು ಬೆಳೆಯಿತು.

1956ರ ಕರ್ನಾಟಕ ಏಕೀಕರಣದ ನಂತರ, 1961ರ ಕಾಯ್ದೆ ಇಡೀ ರಾಜ್ಯದ ಆಯುರ್ವೇದ, ಯುನಾನಿ ಮುಂತಾದ ಪದ್ಧತಿಗಳ ವೈದ್ಯರನ್ನು ಒಂದೇ ನೋಂದಣಿಗೆ ತಂದಿತು. ಒಂದು ರಾಜ್ಯದ ನೋಂದಣಿ ಇನ್ನೊಂದಕ್ಕೆ ಸಲ್ಲದ ಗಡಿಯ ತೊಡಕು ಬಿಡಿಸಿದ್ದು 1970ರ ಭಾರತೀಯ ವೈದ್ಯಪದ್ಧತಿ ಕೇಂದ್ರ ಪರಿಷತ್ತಿನ ಕಾಯ್ದೆ. ಕೇಂದ್ರ ನೋಂದಣಿಯಲ್ಲಿ ಹೆಸರಿದ್ದವರು ದೇಶದ ಯಾವ ಭಾಗದಲ್ಲಾದರೂ ವೈದ್ಯವೃತ್ತಿ ನಡೆಸಬಹುದಾಯಿತು. ಮನೆತನದ ವಿದ್ಯೆಗೆ ಮಾತ್ರ ಆ ದಾರಿ ತೆರೆಯಲಿಲ್ಲ. ಮಾನ್ಯ ಅರ್ಹತೆಯಿಲ್ಲದೆ ವೈದ್ಯ ನಡೆಸುವಂತಿಲ್ಲವೆಂದು 2018ರ ಏಪ್ರಿಲ್‌ನಲ್ಲಿ ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 

ಆಯುರ್ವೇದದ ಪಂಚಕರ್ಮ ಚಿಕಿತ್ಸೆಯ ಕೋಣೆಯಲ್ಲಿ ನಿಂತು ನೋಡಿದರೆ ಈ ಏರ್ಪಾಡಿನ ಕೊರತೆ ತಿಳಿಯುತ್ತದೆ. ಚಿಕಿತ್ಸೆ ಬರೆದುಕೊಡುವವರು ವೈದ್ಯರು. ರೋಗಿ ಮಲಗುವ ಮರದ ದ್ರೋಣಿಯ ಎರಡು ಬದಿಗೆ ನಿಂತು ಬೆಚ್ಚನೆಯ ಎಣ್ಣೆಯನ್ನು ಸಮನಾಗಿ ನೀವುವವರು ಇಬ್ಬರು ಸಹಾಯಕರು. ಕೇರಳದಿಂದ ಮೈಸೂರು ಸೀಮೆಗೆ ಕೆಲಸಕ್ಕೆ ಬರುವ ಇಂಥವರನ್ನು ಗಡಿಯಲ್ಲಿ ಯಾವ ಕಾನೂನೂ ತಡೆಯದು, ಆದರೆ ಅವರ ಕಲಿಕೆಗೆ ಯಾವ ಕಾನೂನೂ ಹೊಣೆಯಾಗದು. ಕೌಶಲ್ಯ ತರಬೇತಿಯ ಪ್ರಮಾಣಪತ್ರಗಳು ಬಂದಿವೆ, ಅವು ಪರವಾನಗಿಯಲ್ಲ. ಇದು ಸಣ್ಣ ವಿಷಯವಲ್ಲ. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದಾಗ ಮೀನಖಂಡವನ್ನು ಒತ್ತಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಅಪಾಯ. ಅಜೀರ್ಣವಿದ್ದಾಗ ಅಭ್ಯಂಗ, ಅಂದರೆ ಎಣ್ಣೆ ತಿಕ್ಕುವುದು, ಬೇಡವೆಂದು ಆಯುರ್ವೇದದ ಆಚಾರ್ಯ ವಾಗ್ಭಟನೇ ಹೇಳಿದ್ದಾನೆ.

ಅಮೆರಿಕದಲ್ಲಿ ತೊಡಕು ತಿರುಗಾಮುರುಗಾ. ಅಲ್ಲಿ ಬಹುಪಾಲು ರಾಜ್ಯಗಳಲ್ಲಿ ಪರವಾನಗಿ ಕಡ್ಡಾಯ, ಆದರೆ ಗಡಿ ದಾಟಿದರೆ ಹೊಸದಾಗಿ ಪಡೆಯಬೇಕು. ಅದನ್ನು ತಪ್ಪಿಸಲು ಅಂತರರಾಜ್ಯ ಒಪ್ಪಂದವೊಂದನ್ನು ರೂಪಿಸಿದ್ದು, 2023ರಲ್ಲಿ ನೆವಾಡ ಅದಕ್ಕೆ ಸೇರಿದ ಮೊದಲ ರಾಜ್ಯವಾಯಿತು. ಏಳು ರಾಜ್ಯಗಳು ಸೇರಿದರೆ ಅದು ಜಾರಿ.

ಭಾರತದಲ್ಲಿ 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಫಿಸಿಯೋಥೆರಪಿಸ್ಟರಿಗೆ ರಾಜ್ಯ ಮತ್ತು ಕೇಂದ್ರ ನೋಂದಣಿ ಒದಗಿಸಿತು. ಅಂಗಮರ್ದಕರಿಗೆ ಅದರ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನ ಸಿಗಲಿಲ್ಲ.