ವಿದ್ಯಾರ್ಥಿಗಳ ಕೈಯಲ್ಲಿ ಸಂಶೋಧನಾ ಪತ್ರಿಕೆ

1837ರ ನವೆಂಬರ್ ತಿಂಗಳಿನಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಿಂದ ಒಂದು ಚಿಕ್ಕ ಗಣಿತ ಪತ್ರಿಕೆಯ ಮೊದಲ ಸಂಚಿಕೆ ಹೊರಬಂದಿತು. ‘ಕೇಂಬ್ರಿಡ್ಜ್ ಮ್ಯಾಥಮೆಟಿಕಲ್ ಜರ್ನಲ್’ ಎಂಬುದು ಅದರ ಹೆಸರು. ಇಂಥದೊಂದು ಪತ್ರಿಕೆ ಬೇಕೆಂಬ ಯೋಚನೆ ಆರ್ಚಿಬಾಲ್ಡ್ ಸ್ಮಿತ್ ಎಂಬ ತರುಣನದು. ಸಂಪಾದಕನ ಹೊಣೆ ಹೊತ್ತವನು ಡಂಕನ್ ಗ್ರೆಗೊರಿ. ಗ್ರೆಗೊರಿಗೆ ಆಗ 24 ವರ್ಷ. ಪದವಿ ಕೈಸೇರಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಇಂದು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪದವಿ ವಿದ್ಯಾರ್ಥಿಗಳೇ ಸಂಪಾದಿಸಿ, ಪದವಿ ವಿದ್ಯಾರ್ಥಿಗಳ ಸಂಶೋಧನೆಯನ್ನೇ ಪ್ರಕಟಿಸುವ ಪತ್ರಿಕೆಗಳಿವೆ. ಅವುಗಳ ವಂಶಾವಳಿಯನ್ನು ಹಿಂದಕ್ಕೆ ಹುಡುಕುತ್ತಾ ಹೋದರೆ, ಓದುಗರೇ, ನಾವು ತಲುಪುವ ಹಳೆಯ ಮನೆಗಳಲ್ಲಿ ಇದೂ ಒಂದು. ಕಟ್ಟುನಿಟ್ಟಾಗಿ ಹೇಳುವುದಾದರೆ ಗ್ರೆಗೊರಿ ಆಗ ವಿದ್ಯಾರ್ಥಿಯಲ್ಲ. ಆದರೆ ಆ ಪುಟಗಳಲ್ಲಿ ಬರೆದವರನೇಕರು ಇನ್ನೂ ಪಾಠಕ್ಕೆ ಕುಳಿತವರು, ಅಥವಾ ಆಗತಾನೇ ಎದ್ದುಬಂದವರು.

ಅಂದಿನ ಕೇಂಬ್ರಿಡ್ಜ್‌ನಲ್ಲಿ ಎಲ್ಲವೂ ಪರೀಕ್ಷೆಯ ಸುತ್ತಲೇ ತಿರುಗುತ್ತಿತ್ತು. ‘ಟ್ರೈಪಾಸ್’ ಎಂಬ ಗಣಿತ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದವರಿಗೆ ‘ರ‍್ಯಾಂಗ್ಲರ್’ ಎಂಬ ಬಿರುದು. ರ‍್ಯಾಂಗ್ಲರ್ ಪರಾಂಜಪೆಯವರ ಹೆಸರು ಕೇಳಿದ ಹಿರಿಯ ಓದುಗರಿಗೆ ಈ ಶಬ್ದ ಹೊಸದಲ್ಲ. ಬೇರೆಯವರು ಕಂಡುಹಿಡಿದದ್ದನ್ನು ಬೇಗನೆ, ತಪ್ಪಿಲ್ಲದೆ ಬರೆಯಬಲ್ಲವನಿಗೆ ಅಲ್ಲಿ ಸನ್ಮಾನವಿತ್ತು. ತಾನೇ ಹೊಸದಾಗಿ ಏನನ್ನಾದರೂ ಕಂಡುಹಿಡಿದವನಿಗೆ ಅದನ್ನು ಹೇಳಿಕೊಳ್ಳಲು ಜಾಗವೇ ಇರಲಿಲ್ಲ. ವಿದ್ವತ್ ಸಂಸ್ಥೆಗಳ ದೊಡ್ಡ ಸಂಪುಟಗಳು ದೀರ್ಘ ಪ್ರಬಂಧಗಳಿಗೆ ಮೀಸಲು. ಮೂರು ನಾಲ್ಕು ಪುಟಗಳ ಒಂದು ಹೊಳಹನ್ನು ತೆಗೆದುಕೊಂಡು ಇಪ್ಪತ್ತರ ಹುಡುಗ ಎಲ್ಲಿಗೆ ಹೋಗಬೇಕು? ಈ ಕೊರತೆಯನ್ನು ನೀಗಲೆಂದೇ ಪತ್ರಿಕೆ ಹುಟ್ಟಿತು.

ಅದೇ ವರ್ಷ ನಡೆದ ಇನ್ನೊಂದು ಸಂಗತಿಯನ್ನು ಧರ್ಮಪ್ರಾಂತದ ಪತ್ರಿಕೆಯೊಂದರಲ್ಲಿ ಬರೆಯುವಾಗ ಬಿಟ್ಟುಬಿಡುವುದು ನ್ಯಾಯವಲ್ಲ. 1837ರ ಪರೀಕ್ಷೆಯಲ್ಲಿ ಗ್ರೆಗೊರಿ ಐದನೆಯ ಸ್ಥಾನ ಪಡೆದನು. ಎರಡನೆಯ ಸ್ಥಾನ ಪಡೆದವನು ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಎಂಬ ಯೆಹೂದ್ಯ ಯುವಕ. ಅವನಿಗೆ ಪದವಿಯೇ ದೊರೆಯಲಿಲ್ಲ. ಪದವಿ ಬೇಕಾದರೆ ಇಂಗ್ಲೆಂಡಿನ ಸಭೆಯ ವಿಶ್ವಾಸಸೂತ್ರಗಳಿಗೆ ಒಪ್ಪಿಗೆ ಕೊಡಬೇಕೆಂಬ ನಿಯಮವಿತ್ತು, ಅವನು ಕೊಡಲಿಲ್ಲ. ಪದವಿಗಾಗಿ ಅವನು ಡಬ್ಲಿನ್‌ಗೆ ಹೋಗಬೇಕಾಯಿತು. ಬಿ.ಎ. ಪದವಿಯ ಮಟ್ಟಿಗೆ ಈ ನಿರ್ಬಂಧ ತೊಲಗಿದ್ದು 1856ರಲ್ಲಿ. ಉಳಿದ ಬಹುಪಾಲು 1871ರಲ್ಲಿ. ಸತ್ಯವನ್ನು ಸಾರುವವರೇ ಸತ್ಯವನ್ನು ಅರಸುವವನ ಮುಂದೆ ಬಾಗಿಲು ಮುಚ್ಚಿದರೆಂಬುದು ನೋವಿನ ಮಾತು. ಗ್ರೆಗೊರಿಯ ಪತ್ರಿಕೆಯಾದರೋ ಬರೆದವನ ಪದವಿಯನ್ನಾಗಲಿ ವಿಶ್ವಾಸವನ್ನಾಗಲಿ ಕೇಳಲಿಲ್ಲ. ಮುಂದೆ ಅದು ಬೇರೆ ಹೆಸರಿನಲ್ಲಿ ನಡೆಯುತ್ತಿದ್ದಾಗ ಸಿಲ್ವೆಸ್ಟರನ ಲೇಖನಗಳೂ ಅದರಲ್ಲಿ ಬೆಳಕು ಕಂಡವು.

ಎಷ್ಟೋ ಲೇಖನಗಳಲ್ಲಿ ಬರೆದವನ ಹೆಸರೇ ಇರುತ್ತಿರಲಿಲ್ಲ; ಒಂದೆರಡು ಅಕ್ಷರಗಳ ಗುರುತು ಮಾತ್ರ. 1841ರಲ್ಲಿ ‘ಪಿ.ಕ್ಯು.ಆರ್.’ ಎಂಬ ಗುರುತಿನ ಲೇಖನವೊಂದು ಬಂದಿತು. ಫ್ರಾನ್ಸಿನ ಫೂರಿಯೆಯ ಗಣಿತದಲ್ಲಿ ದೋಷವಿದೆಯೆಂದು ಎಡಿನ್‌ಬರೋದ ಪ್ರಾಧ್ಯಾಪಕ ಫಿಲಿಪ್ ಕೆಲೆಂಡ್ ಬರೆದಿದ್ದನು. ಫೂರಿಯೆಯದೇ ಸರಿಯೆಂದು ಈ ಲೇಖನ ತೋರಿಸಿತು. ಬರೆದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತನಾದವನು. ಆಗ ಅವನು ಹದಿನೇಳು ತುಂಬದ ಹುಡುಗ. ಪ್ರಾಧ್ಯಾಪಕನ ಮಾತಿಗೆ ಪ್ರತಿಯಾಗಿ ಹುಡುಗನ ಮಾತು ನಿಂತದ್ದು ಅದು ಸರಿಯಾಗಿದ್ದ ಕಾರಣಕ್ಕೆ, ಅಷ್ಟೇ. ಆರ್ಥರ್ ಕೇಲಿ ಎಂಬವನೂ ವಿದ್ಯಾರ್ಥಿಯಾಗಿದ್ದಾಗಲೇ ತನ್ನ ಮೊದಲ ಲೇಖನಗಳನ್ನು ಇಲ್ಲಿ ಪ್ರಕಟಿಸಿದನು.

ಎಲ್ಲಕ್ಕಿಂತ ನನ್ನ ಮನಸ್ಸು ಹಿಡಿಯುವುದು ಜಾರ್ಜ್ ಬೂಲ್‌ನ ಕಥೆ. ಲಿಂಕನ್ ಪಟ್ಟಣದ ಚಮ್ಮಾರನೊಬ್ಬನ ಮಗ. ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತಿದವನಲ್ಲ. ಸಣ್ಣ ಶಾಲೆ ನಡೆಸುತ್ತಾ, ತಂದೆತಾಯಿಗಳನ್ನು ಸಲಹುತ್ತಾ, ತಾನೇ ಗಣಿತ ಕಲಿತವನು. ಅವನ ಕೈಬರಹ ಗ್ರೆಗೊರಿಯ ಮೇಜಿಗೆ ಬಂದಾಗ ಅದರಲ್ಲಿ ವಿಚಾರವಿತ್ತು, ಆದರೆ ಅದನ್ನು ಪ್ರಬಂಧವಾಗಿ ನಿಲ್ಲಿಸುವ ಕ್ರಮ ತಿಳಿದಿರಲಿಲ್ಲ. ಗ್ರೆಗೊರಿ ಅದನ್ನು ಬದಿಗಿಡಲಿಲ್ಲ. ಹೇಗೆ ಬರೆಯಬೇಕೆಂದು ಪತ್ರಗಳ ಮೂಲಕ ತಿಳಿಸಿದನು. 1840ರಿಂದ ಬೂಲ್‌ನ ಲೇಖನಗಳು ಅಚ್ಚಾಗತೊಡಗಿದವು. ಕೇಂಬ್ರಿಡ್ಜ್‌ಗೆ ಬಂದು ಪದವಿಗೆ ಓದಲೇ ಎಂದು ಬೂಲ್ ಯೋಚಿಸಿದಾಗ ಗ್ರೆಗೊರಿ ಎಚ್ಚರಿಸಿದ್ದು ಕುತೂಹಲಕರ: ಸ್ವತಂತ್ರವಾಗಿ ಯೋಚಿಸಿ ರೂಢಿಯಾದವನಿಗೆ ಇಲ್ಲಿನ ಪರೀಕ್ಷೆಯ ಶಿಸ್ತು ಹಿತವಾಗಲಿಕ್ಕಿಲ್ಲ ಎಂಬುದು ಅವನ ಮಾತಿನ ಸಾರ. ಬೂಲ್ ಹೋಗಲಿಲ್ಲ. 1844ರಲ್ಲಿ ರಾಯಲ್ ಸೊಸೈಟಿ ಅವನಿಗೆ ಪದಕವನ್ನಿತ್ತಿತು. 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಹೊಸ ಕಾಲೇಜಿನಲ್ಲಿ, ಪದವಿಯೇ ಇಲ್ಲದ ಅವನು ಪ್ರಾಧ್ಯಾಪಕನಾದನು. ಇಂದಿನ ಗಣಕಯಂತ್ರಗಳ ತರ್ಕಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ಗ್ರೆಗೊರಿ ಇದಾವುದನ್ನೂ ನೋಡಲಿಲ್ಲ. 1844ರ ಫೆಬ್ರವರಿಯಲ್ಲಿ, 30ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡಿದ್ದನು. ಪತ್ರಿಕೆ ಮೊದಲು ರಾಬರ್ಟ್ ಎಲಿಸ್‌ನ ಕೈಗೂ ಬಳಿಕ 21ರ ಹರೆಯದ ಥಾಮ್ಸನ್‌ನ ಕೈಗೂ ಹೋಯಿತು. ಅಂದು ಗುಪ್ತನಾಮದಲ್ಲಿ ಬರೆದ ಹುಡುಗನೇ ಈಗ ಸಂಪಾದಕ!

ಇಂಥ ಸಂಪಾದಕ ನಮ್ಮ ಬೆಂಗಳೂರಿನಲ್ಲಿಯೂ ಇದ್ದರು. 1911ರಲ್ಲಿ ಶ್ರೀನಿವಾಸ ರಾಮಾನುಜನ್ ಅವರ ಮೊದಲ ದೊಡ್ಡ ಲೇಖನ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಸಂಪಾದಕರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಂ.ಟಿ. ನಾರಾಯಣ ಅಯ್ಯಂಗಾರ್. ಕಾಲೇಜು ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿದ್ದ ರಾಮಾನುಜನ್ ಅವರ ಬರಹ ಸಾಮಾನ್ಯ ಓದುಗರಿಗೆ ನಿಲುಕುವಂತಿರಲಿಲ್ಲ. ಹಸ್ತಪ್ರತಿ ಸಂಪಾದಕರಿಗೂ ಲೇಖಕರಿಗೂ ನಡುವೆ ಒಂದಕ್ಕಿಂತ ಹೆಚ್ಚು ಬಾರಿ ಓಡಾಡಿತು. ಅದು ವಿದ್ಯಾರ್ಥಿಗಳ ಪತ್ರಿಕೆಯಲ್ಲ, ನಿಜ. ಆದರೆ ಹಿಂದಿರುಗಿಸಿದ ಹಸ್ತಪ್ರತಿ ತಿರಸ್ಕಾರವಾಗಬೇಕಿಲ್ಲ, ಪಾಠವಾಗಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಸಿಗಲಾರದು. ಅದೇ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದರು. ಕಾಲೇಜಿನ ಆವರಣದಲ್ಲಿ ಕನ್ನಡದಲ್ಲಿಯೇ ವಿದ್ವತ್ತಿನ ಮಾತು ನಡೆಯಬಹುದೆಂದು ಅದು ತೋರಿಸಿತು.

ಪದವಿ ವಿದ್ಯಾರ್ಥಿಯ ಸಂಶೋಧನೆ ಒಂದು ವ್ಯವಸ್ಥೆಯಾದದ್ದು ಬಹಳ ತಡವಾಗಿ. ಕಾಲೇಜಿಗೆ ಕಾಲಿಟ್ಟ ದಿನದಿಂದಲೇ ಪ್ರತಿಯೊಬ್ಬನಿಗೂ ತನ್ನದೇ ಆದ ಸಂಶೋಧನೆ ಇರಬೇಕೆಂದು ಪೋಲರಾಯ್ಡ್ ಕ್ಯಾಮೆರಾದ ಎಡ್ವಿನ್ ಲ್ಯಾಂಡ್ 1957ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ವಾದಿಸಿದರು. 1969ರಲ್ಲಿ ಅಲ್ಲಿಯ ಮಾರ್ಗರೆಟ್ ಮ್ಯಾಕ್‌ವಿಕರ್ ಅದಕ್ಕಾಗಿ ಕಾರ್ಯಕ್ರಮವೊಂದನ್ನೇ ಕಟ್ಟಿದರು. ಸಂಶೋಧನೆ ಬೆಳೆದಂತೆ ಅದನ್ನು ಪ್ರಕಟಿಸುವ ವೇದಿಕೆಯೂ ಬೇಕಾಯಿತು. 1997ರಲ್ಲಿ ಅಮೆರಿಕದ ಹಲವು ಕಾಲೇಜುಗಳ ವಿದ್ಯಾರ್ಥಿಗಳು ಒಂದಾಗಿ ‘ಜರ್ನಲ್ ಆಫ್ ಯಂಗ್ ಇನ್ವೆಸ್ಟಿಗೇಟರ್ಸ್’ ಸ್ಥಾಪಿಸಿದರು. 2007ರಲ್ಲಿ ಇಂಗ್ಲೆಂಡಿನ ವಾರ್ವಿಕ್‌ನಲ್ಲಿ ‘ರಿಇನ್ವೆನ್ಷನ್’ ಆರಂಭವಾಯಿತು. ಗ್ರೆಗೊರಿಯ ಪತ್ರಿಕೆಗೆ ಇದ್ದದ್ದು ಗಣಿತವೊಂದೇ. ಇವುಗಳಿಗೆ ಅನೇಕ ಶಾಸ್ತ್ರಗಳ ನಂಟು. ಇದನ್ನು ನಾನು ಕೇವಲ ವಿಸ್ತಾರವೆಂದು ಎಣಿಸುವುದಿಲ್ಲ. ಜೀವಶಾಸ್ತ್ರದವಳ ಲೇಖನವನ್ನು ಇತಿಹಾಸದವನು ಓದಿ, ‘ಇದು ನನಗೆ ಅರ್ಥವಾಗಲಿಲ್ಲ’ ಎಂದು ಹೇಳಬಲ್ಲ ಪತ್ರಿಕೆಯಲ್ಲಿ ಪಾರಿಭಾಷಿಕ ಶಬ್ದಗಳ ಹಿಂದೆ ಅಡಗಿಕೊಳ್ಳುವುದು ಕಷ್ಟ. ಆದರೆ ಸಂಪಾದಕರು ಮೂರು ನಾಲ್ಕು ವರ್ಷಗಳಲ್ಲಿ ಪದವಿ ಮುಗಿಸಿ ಹೊರಡುತ್ತಾರೆ. ಮುಂದಿನವರಿಗೆ ಕೆಲಸ ಕಲಿಸದೆ ಹೊರಟರೆ ಪತ್ರಿಕೆ ಅಲ್ಲಿಗೇ ನಿಲ್ಲುತ್ತದೆ.

ನಮ್ಮಲ್ಲಿ ಈಗ ಇನ್ನೊಂದು ಬಗೆಯ ಪತ್ರಿಕೆಗಳು ಹೆಚ್ಚಿವೆ. ಹಣ ಕಟ್ಟಿದರೆ ಕೆಲವೇ ದಿನಗಳಲ್ಲಿ ಲೇಖನ ಪ್ರಕಟ, ಜೊತೆಗೊಂದು ಪ್ರಮಾಣಪತ್ರ. ಅಲ್ಲಿ ಯಾರೂ ಏನನ್ನೂ ಓದುವುದಿಲ್ಲ, ಆದ್ದರಿಂದ ಯಾರೂ ಏನನ್ನೂ ಹಿಂದಿರುಗಿಸುವುದಿಲ್ಲ. ಸಂಶೋಧನೆಗೆ ಎಡೆಯಿದ್ದ ನಾಲ್ಕು ವರ್ಷಗಳ ಪದವಿ ಕರ್ನಾಟಕದಲ್ಲಿ 2021ರಲ್ಲಿ ಬಂದು 2024ರಲ್ಲಿ ಹಿಂದೆ ಸರಿಯಿತು. ಆ ವಾದವಿವಾದದಲ್ಲಿ ವರ್ಷ ಮೂರೋ ನಾಲ್ಕೋ ಎಂಬುದರ ಮೇಲೆ ಬಹಳ ಮಾತು ನಡೆಯಿತು. ವಿದ್ಯಾರ್ಥಿ ಬರೆದದ್ದನ್ನು ಓದುವವರು ಯಾರು ಎಂಬ ಪ್ರಶ್ನೆಗೆ ಬಂದ ಪಾಲು ಅಲ್ಪ. ನಮ್ಮ ಕಾಲೇಜುಗಳ ವಾರ್ಷಿಕ ಸಂಚಿಕೆಗಳನ್ನು ತೆರೆದು ನೋಡಿರಿ: ಕವಿತೆಗಳಿವೆ, ಪ್ರವಾಸಕಥನಗಳಿವೆ, ಕ್ರೀಡಾಕೂಟದ ಚಿತ್ರಗಳಿವೆ. ಊರ ಕೆರೆಯ ನೀರನ್ನು ಆರು ತಿಂಗಳು ಪರೀಕ್ಷಿಸಿದ ರಸಾಯನಶಾಸ್ತ್ರದ ವಿದ್ಯಾರ್ಥಿನಿಯ ವರದಿ ಮಾತ್ರ ರಟ್ಟು ಹಾಕಿಸಿಕೊಂಡು, ಅಂಕ ಪಡೆದು, ವಿಭಾಗದ ಕಪಾಟಿನಲ್ಲಿದೆ.