‘ಬತ್ತೆ’ ಎಂದರೆ ಬಂದೆನೋ, ಬರುವೆನೋ?

ಪುತ್ತೂರಿನ ಅಡಿಕೆ ಅಂಗಡಿಯೊಂದರಲ್ಲಿ ಕುಳಿತಿದ್ದಾಗ ಕಿವಿಗೆ ಬಿದ್ದ ಎರಡು ಮಾತುಗಳಿಂದ ಈ ಬರಹ ಹುಟ್ಟಿತು. ಅಂಗಡಿಯ ಯಜಮಾನರು ಫೋನಿನಲ್ಲಿ ಮನೆಯವರಿಗೆ ಹವ್ಯಕ ಕನ್ನಡದಲ್ಲಿ ‘ಆನು ಈಗ ಬತ್ತೆ’ ಎಂದರು. ಅದೇ ಹೊತ್ತಿಗೆ ಗೋಣಿ ಹೊರುವವರೊಬ್ಬರು ಒಳಗೆ ಕಾಲಿಡುತ್ತ ತುಳುವಿನಲ್ಲಿ ‘ಯಾನ್ ಬತ್ತೆ’ ಎಂದರು. ಯಜಮಾನರು ಇನ್ನೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಗೋಣಿಯವರು ಆಗಲೇ ಬಂದು ನಿಂತಿದ್ದರು. ಹವ್ಯಕರ ‘ಬತ್ತೆ’ಗೆ ಬರುತ್ತೇನೆ ಎಂದರ್ಥ; ತುಳುವರ ‘ಬತ್ತೆ’ಗೆ ಬಂದೆ ಎಂದರ್ಥ. ಪದ ಒಂದೇ, ಕಾಲ ಬೇರೆ.

ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ನನಗೆ ಈ ವ್ಯತ್ಯಾಸ ತಿಳಿದದ್ದು ಒಂದು ಸುದ್ದಿ ಕೈತಪ್ಪಿದ ಮೇಲೆ. ಅಧಿಕಾರಿಯೊಬ್ಬರ ಭೇಟಿಯ ಬಗ್ಗೆ ವಿಚಾರಿಸಿದಾಗ ಫೋನಿನಲ್ಲಿದ್ದವರು ‘ಬತ್ತೆರ್’ ಎಂದಿದ್ದರು. ಬರುತ್ತಾರೆ ಎಂದುಕೊಂಡು ನಿಧಾನವಾಗಿ ಹೊರಟೆ. ಸಭೆ ಮುಗಿದು ಕುರ್ಚಿ ಮಡಚುತ್ತಿದ್ದರು. ಬರುವವರಾಗಿದ್ದರೆ ‘ಬರ್ಪೆರ್’ ಎನ್ನಬೇಕಿತ್ತು.

ಇದಾಗಿ ಕೆಲವು ದಿನಗಳಲ್ಲಿ ಸುಳ್ಯದ ಬಸ್ಸಿನಲ್ಲಿ ಪಕ್ಕದ ಸೀಟಿನ ಯುವಕನ ಕೈಯಲ್ಲಿ ಒಂದು ಕಟ್ಟು ಕಾರ್ಡುಗಳನ್ನು ಕಂಡೆ. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಮಾಡಿದ್ದು. ಒಂದು ಬದಿಯಲ್ಲಿ ‘ನಾವು ಮಾತಾಡುತ್ತೇವೆ’ ಎಂದಿದ್ದರೆ ಇನ್ನೊಂದು ಬದಿಯಲ್ಲಿ ‘ಆಬ್ಲಾಮೊಸ್’. ಅವನು ಕಲಿಯುತ್ತಿದ್ದುದು ಸ್ಪ್ಯಾನಿಷ್. ಹತ್ತು ಕಾರ್ಡು ನೋಡುವುದು, ಕಣ್ಣು ಮುಚ್ಚಿ ಹೇಳುವುದು, ತಪ್ಪಿದ್ದನ್ನು ಕಟ್ಟಿನ ಮೇಲಕ್ಕೆ ಹಾಕುವುದು. ಸುಳ್ಯ ತಲುಪುವಷ್ಟರಲ್ಲಿ ಐದಾರು ಕಿರುಪರೀಕ್ಷೆಗಳನ್ನು ಅವನು ತನಗೆ ತಾನೇ ಕೊಟ್ಟುಕೊಂಡಿದ್ದ.

ಸ್ಪ್ಯಾನಿಷ್ ಕ್ರಿಯಾಪದ ಕನ್ನಡಿಗರಿಗೆ ಒಂದು ದೃಷ್ಟಿಯಿಂದ ಸುಲಭ. ಇಂಗ್ಲಿಷಿನವರಿಗೆ ‘ನಾನು’, ‘ಅವನು’ ಇಲ್ಲದೆ ವಾಕ್ಯ ನಿಲ್ಲದು. ನಮಗೆ ‘ಮಾತಾಡುತ್ತೇನೆ’ ಎಂದರೆ ಸಾಕು, ‘ನಾನು’ ಅದರ ಬಾಲದಲ್ಲೇ ಇದೆ. ಸ್ಪ್ಯಾನಿಷಿನ ‘ಆಬ್ಲೊ’ ಕೂಡ ಹಾಗೆಯೇ. ನಾನು ಆಬ್ಲೊ, ನೀನು ಆಬ್ಲಾಸ್, ಅವನು ಅಥವಾ ಅವಳು ಆಬ್ಲಾ, ಅವರು ಆಬ್ಲಾನ್. ಅಲ್ಲಿನ ಕ್ರಿಯಾಪದಗಳ ಮೂಲರೂಪಗಳು ಆರ್, ಎರ್, ಇರ್ ಎಂದು ಕೊನೆಗೊಳ್ಳುವುದರಿಂದ ಮೂರು ಗುಂಪು. ತಕರಾರು ಮಾಡುವವು ದಿನನಿತ್ಯ ಬೇಕಾಗುವ ಪದಗಳೇ. ‘ಇರು’ ಎಂಬರ್ಥದ ‘ಸೆರ್’ ನಾನು ಎಂಬಲ್ಲಿ ‘ಸೊಯ್’, ನೀನು ಎಂಬಲ್ಲಿ ‘ಎರೆಸ್’, ಅವನು ಎಂಬಲ್ಲಿ ‘ಎಸ್’. ಇಂಥವಕ್ಕೆ ನಿಯಮ ಹುಡುಕಿ ಫಲವಿಲ್ಲ, ಬಾಯಿಪಾಠವೇ ಗತಿ. ಕಾರ್ಡು ಬೇಕಾಗುವುದು ಇಲ್ಲಿಯೇ.

ಕ್ರಿಯಾಪದವನ್ನು ಹೀಗೆ ಕೋಷ್ಟಕದಲ್ಲಿ ಕೂರಿಸುವ ಪದ್ಧತಿ ಐರೋಪ್ಯರಿಗೆ ಬಂದದ್ದು ಲ್ಯಾಟಿನ್ ಪಾಠಶಾಲೆಗಳಿಂದ. ಆಂಟೋನಿಯೊ ದೆ ನೆಬ್ರಿಹಾ ಎಂಬ ವಿದ್ವಾಂಸ ಅದೇ ಅಚ್ಚಿನಲ್ಲಿ ಸ್ಪ್ಯಾನಿಷಿಗೆ ವ್ಯಾಕರಣ ಬರೆದದ್ದು 1492ರಲ್ಲಿ, ಕೊಲಂಬಸ್ ಹಡಗು ಹತ್ತಿದ ವರ್ಷ. ಲ್ಯಾಟಿನ್ ಓದಿದ ಪಾದ್ರಿಗಳು ಹೋದಲ್ಲೆಲ್ಲ ಆ ಅಚ್ಚನ್ನೂ ಒಯ್ದರು. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ, ಅವರು ತೀರಿಕೊಂಡು ಎರಡು ದಶಕಗಳ ಬಳಿಕ, 1640ರಲ್ಲಿ ರಾಚೋಲಿನಲ್ಲಿ ಮುದ್ರಣವಾಯಿತು. ಅದರ ಹೆಸರಿನಲ್ಲಿ ಕೊಂಕಣಿಯನ್ನು ‘ಕಾನಾರಿಂ’ ಎಂದು ಕರೆದಿದ್ದಾರೆ. ಕನ್ನಡವೆಂದು ತಿಳಿದು ಮೋಸಹೋದವರು ಹಲವರಿರಬೇಕು! ಪುತ್ತೂರಿನ ಮಾಯ್ ದೆ ದೇವುಸ್ ಇಗರ್ಜಿಯ ಹೆಸರು ಸ್ಪ್ಯಾನಿಷಿನ ತಂಗಿಯಂತಿರುವ ಪೋರ್ಚುಗೀಸಿನದು, ದೇವಮಾತೆ ಎಂದರ್ಥ. ಹಾಗೆ ನೋಡಿದರೆ ಬಸ್ಸಿನ ಯುವಕ ಕಲಿಯುತ್ತಿದ್ದ ಭಾಷೆಯ ಬಳಗ ಈ ಊರಿಗೆ ತೀರ ಅಪರಿಚಿತವೇನಲ್ಲ.

ತುಳುವಿನ ಸರದಿ ಬಂದದ್ದು ಬಾಸೆಲ್ ಮಿಷನ್ನಿನೊಂದಿಗೆ. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಷನರಿಗಳಿಗೆ ಜನರ ಭಾಷೆ ಕಲಿಯದೆ ಕೆಲಸ ಸಾಗುತ್ತಿರಲಿಲ್ಲ. 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾಯಿತು. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟೆಲ್ ಅಲ್ಲಿಯೇ ಸಂಪಾದಿಸಿ ಹೊರತಂದದ್ದೂ ಅದೇ ವರ್ಷ. ಹದಿಮೂರನೆಯ ಶತಮಾನದ ಕನ್ನಡ ವೈಯಾಕರಣ ‘ಆಖ್ಯಾತ’ ಪ್ರಕರಣದಲ್ಲಿ ಸೂತ್ರವಾಗಿ ಹೇಳಿದ್ದನ್ನು ಜರ್ಮನ್ ಪಾದ್ರಿ ಕೋಷ್ಟಕವಾಗಿ ಹೇಳುತ್ತಿದ್ದ ಕಾಲವದು. ಮೆನ್ನರ್ ಅವರ ತುಳು–ಇಂಗ್ಲಿಷ್ ನಿಘಂಟು ಬಂದದ್ದು 1886ರಲ್ಲಿ.

ತುಳುವಿನಲ್ಲಿ ಈ ಕೋಷ್ಟಕ ಸಣ್ಣದಲ್ಲ. ‘ಬತ್ತೆ’ ಬಂದೆ, ‘ಬೈದೆ’ ಬಂದಿದ್ದೇನೆ, ‘ಬರ್ಪೆ’ ಬರುತ್ತೇನೆ, ‘ಬರೊಂದುಲ್ಲೆ’ ಬರುತ್ತಿದ್ದೇನೆ, ‘ಬರ್ಪುಜಿ’ ಬರುವುದಿಲ್ಲ. ಬಂದೆ ಮತ್ತು ಬಂದಿದ್ದೇನೆ ಎಂಬುದರ ಭೇದಕ್ಕೆ ಸ್ಪ್ಯಾನಿಷಿನವರು ‘ಬಿನೆ’, ‘ಎ ಬೆನಿದೊ’ ಎಂದು ಎರಡನೆಯದಕ್ಕೆ ಎರಡು ಪದ ಬಳಸುತ್ತಾರೆ. ಕನ್ನಡ ‘ಇದ್ದೇನೆ’ಯನ್ನು ಜೋಡಿಸುತ್ತದೆ. ತುಳು ‘ಬೈದೆ’ ಎಂಬ ಒಂದೇ ಗಿಡ್ಡ ಪದದಲ್ಲಿ ಮುಗಿಸುತ್ತದೆ. ಅದೇ ಸುಳ್ಯದಿಂದ ಕಾಸರಗೋಡಿನ ಕಡೆಗೆ ಗಡಿ ದಾಟಿದರೆ ಮಲಯಾಳದಲ್ಲಿ ನಾನೂ ‘ವನ್ನು’, ನೀನೂ ‘ವನ್ನು’, ಅವಳೂ ‘ವನ್ನು’. ಆ ಭಾಷೆ ಪುರುಷದ ಬಾಲವನ್ನೇ ಕತ್ತರಿಸಿ ಹಾಕಿದೆ. ಪರೀಕ್ಷೆಗೆ ಕುಳಿತವರ ಪುಣ್ಯ.

ಬಾಯಿಪಾಠಕ್ಕೆ ನಮ್ಮಲ್ಲಿಯೂ ಸ್ವಂತ ಶಾಲೆಯಿತ್ತು. ಐಗಳ ಮಠದಲ್ಲಿ ಹೊಯಿಗೆಯ ಮೇಲೆ ಅಕ್ಷರ ತಿದ್ದಿ ಮಗ್ಗಿ ಒಪ್ಪಿಸುತ್ತಿದ್ದರು. ಸಂಸ್ಕೃತ ಪಾಠಶಾಲೆಗಳಲ್ಲಿ ಅಮರಕೋಶ, ಶಬ್ದರೂಪ, ಧಾತುರೂಪಗಳನ್ನು ಒಪ್ಪಿಸುತ್ತಿದ್ದರು. ನೀರ್ಚಾಲಿನಲ್ಲಿ 1911ರಲ್ಲಿ ಆರಂಭವಾದ ಮಹಾಜನ ಸಂಸ್ಕೃತ ಪಾಠಶಾಲೆ ಈ ಸೀಮೆಯ ಆ ಪರಂಪರೆಯ ಮುಖ್ಯ ಕೇಂದ್ರಗಳಲ್ಲೊಂದು. ಸಂಸ್ಕೃತ ಧಾತುಪಾಠದಲ್ಲಿರುವ ಧಾತುಗಳು ಸುಮಾರು 2 ಸಾವಿರ. ಗಣ ಹತ್ತು, ಲಕಾರ ಹತ್ತು. ಮೂರು ಪುರುಷ, ಮೂರು ವಚನವೆಂದು ಒಂದೊಂದು ಲಕಾರಕ್ಕೆ ಒಂಬತ್ತು ರೂಪ. ‘ಭವತಿ ಭವತಃ ಭವಂತಿ’ ಎಂದು ಶುರುಮಾಡಿದರೆ ನಿಲ್ಲಿಸುವುದು ಉಸಿರು ಕಟ್ಟಿದ ಮೇಲೆಯೇ. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. ಹಳೆಯ ಪಾಠಶಾಲೆಗಳು ಬಹುತೇಕ ಒಂದೇ ಜಾತಿಯ ಗಂಡುಮಕ್ಕಳವು. ತುಳು ಆಡುವ ಹೆಚ್ಚಿನವರು ಅದರ ಹೊರಗೇ ಉಳಿದರು, ಅವರ ಭಾಷೆಯೂ ಹೊರಗೆ ಉಳಿಯಿತು.

ಒಪ್ಪಿಸುವ ಕ್ರಮಕ್ಕೆ ಒಂದು ಕೊರತೆಯಿದೆ. ಏಳೆಂಟಲೆಷ್ಟು ಎಂದು ಥಟ್ಟನೆ ಕೇಳಿದರೆ ಹುಡುಗ ಏಳೊಂದಲೇಳರಿಂದ ಓಡಿಕೊಂಡು ಬರುತ್ತಾನೆ. ಸಾಲು ತಿಳಿದಿದೆ, ಮಧ್ಯದ ಮೆಟ್ಟಿಲು ತಿಳಿದಿಲ್ಲ. ಜಾಣ ಗುರುಗಳಿಗೆ ಇದು ಗೊತ್ತಿತ್ತು. ನಡುವಿನ ಒಂದು ರೂಪ ಹೇಳಿ, ಯಾವ ಧಾತು, ಯಾವ ಲಕಾರ, ಯಾವ ಪುರುಷ, ಯಾವ ವಚನ ಎಂದು ಪ್ರಶ್ನಿಸುತ್ತಿದ್ದರು. ಕಾರ್ಡುಗಳ ಕಟ್ಟನ್ನು ಕಲಸಿದಾಗ ಆಗುವುದೂ ಇಷ್ಟೆ.

ಪ್ರಶ್ನೆ ಕೇಳಿಸಿಕೊಳ್ಳುವುದರಿಂದ ನೆನಪು ಏಕೆ ಬಲವಾಗುತ್ತದೆ ಎಂಬುದನ್ನು ವಿಜ್ಞಾನ ಹಂತಹಂತವಾಗಿ ಕಂಡುಕೊಂಡಿತು. 1885ರಲ್ಲಿ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಎಂದು ಅಳೆದ. ಕಲಿತ ಮೊದಲ ಗಂಟೆಗಳಲ್ಲೇ ಹೆಚ್ಚಿನ ಪಾಲು ಸೋರಿಹೋಗುತ್ತದೆ, ಮತ್ತೆ ನಿಧಾನ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ವಿಜ್ಞಾನ ಪತ್ರಕರ್ತ (ನಮ್ಮ ವೃತ್ತಿಯವನೇ!) ಕಾರ್ಡುಗಳಿಗೆ ಸಾಲು ಡಬ್ಬಿಗಳ ಉಪಾಯ ಹೇಳಿದ. ಸರಿ ಉತ್ತರದ ಕಾರ್ಡು ಮುಂದಿನ ಡಬ್ಬಿಗೆ ಹೋಗಿ ತಡವಾಗಿ ತಿರುಗಿ ಬರುತ್ತದೆ, ತಪ್ಪಿದ್ದು ಮೊದಲ ಡಬ್ಬಿಗೆ ಮರಳುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರು ಮುಂದು. ವಾರದ ಬಳಿಕ ಕೇಳಿದಾಗ ಒಮ್ಮೆ ಓದಿ ನೆನಪಿನಿಂದ ಬರೆದು ನೋಡಿದವರು ಮುಂದು. ಪರೀಕ್ಷೆಯ ಹಿಂದಿನ ರಾತ್ರಿ ಗಟ್ಟಿಯಾಗಿ ಓದಿ ಮರುವಾರವೇ ಮರೆತವರಿಗೆ ಈ ಫಲಿತಾಂಶ ಆಶ್ಚರ್ಯ ತರಲಾರದು.

ನಾನೂ ತುಳುವಿಗೆ ಕಾರ್ಡು ಮಾಡಿದೆ. ಯಾನ್ ಮಲ್ಪುವೆ, ಈ ಮಲ್ಪುವ, ಆಳ್ ಮಲ್ಪುವಳ್, ಆಕುಳು ಮಲ್ಪುವೆರ್ ಎಂದು ಬರೆದುಕೊಂಡು ಹೋದೆ. ‘ಅವನು ಮಾಡುತ್ತಾನೆ’ ಎಂಬಲ್ಲಿ ಸಿಕ್ಕಿಬಿದ್ದೆ. ಅದೂ ‘ಮಲ್ಪುವೆ’. ತುಳುವರ ಬಾಯಲ್ಲಿ ಇವೆರಡೂ ಒಂದಲ್ಲ. ‘ನಾನು’ ಎಂಬಲ್ಲಿ ಕೊನೆಯ ಸ್ವರಕ್ಕೆ ಬಾಯಿ ಅಗಲವಾಗುತ್ತದೆ, ‘ಅವನು’ ಎಂಬಲ್ಲಿ ಕಿರಿದಾಗುತ್ತದೆ. ಕನ್ನಡ ಲಿಪಿಯಲ್ಲಿ ಎರಡಕ್ಕೂ ಇರುವುದು ಒಂದೇ ಎತ್ವ. ‘ಬತ್ತೆ’ಯ ಕಥೆಯೂ ಇದೇ: ನಾನು ಬಂದರೂ ‘ಬತ್ತೆ’, ಅವನು ಬಂದರೂ ‘ಬತ್ತೆ’.

2011ರ ಜನಗಣತಿಯಂತೆ ತುಳು ತಾಯ್ನುಡಿಯವರು 18 ಲಕ್ಷಕ್ಕೂ ಹೆಚ್ಚು. 2010ರಿಂದ ಶಾಲೆಗಳಲ್ಲಿ ಐಚ್ಛಿಕ ತೃತೀಯ ಭಾಷೆಯಾಗಿ ಅದನ್ನು ಕಲಿಯುವ ಅವಕಾಶವಿದೆ. ಆದರೂ ಪುತ್ತೂರು, ಕಡಬಗಳ ಎಷ್ಟೋ ಮನೆಗಳಲ್ಲಿ ಅಜ್ಜಿ ತುಳುವಿನಲ್ಲಿ ಕೇಳಿದ್ದಕ್ಕೆ ಮೊಮ್ಮಗು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುವುದನ್ನು ನೋಡಿದ್ದೇನೆ. ಕೇಳಿ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅಂಥ ಮಗುವಿಗೆ ಪುಸ್ತಕದ ಕೋಷ್ಟಕ ಕಾಲ, ವಚನ ಕಲಿಸೀತು, ಆ ಎರಡು ‘ಎ’ಗಳ ಭೇದವನ್ನು ಕಲಿಸಲಾರದು. ಅದಕ್ಕೆ ಕೇಳುವ ಕಿವಿ, ತಿದ್ದುವ ಬಾಯಿ ಎದುರಿಗೇ ಬೇಕು.

ನಾನು ಬೆಳಗ್ಗೆ ಚಾ ಕುಡಿಯುವ ಹೋಟೆಲಿನ ಅಕ್ಕ ಈಗ ನನ್ನ ಪರೀಕ್ಷಕಿ. ಲೋಟ ಇಡುತ್ತ ‘ಯಾನ್?’ ಎನ್ನುತ್ತಾರೆ, ನಾನು ‘ಬತ್ತೆ’ ಎನ್ನುತ್ತೇನೆ. ‘ಆಯೆ?’ ಎನ್ನುತ್ತಾರೆ, ಮತ್ತೆ ‘ಬತ್ತೆ’ ಎನ್ನುತ್ತೇನೆ. ಮೊನ್ನೆ ಅವರು ನಕ್ಕು, ನೀವು ಹೇಳಿದಂತೆ ಎರಡು ಸಲವೂ ಬಂದದ್ದು ಅವನೇ, ನೀವು ಇನ್ನೂ ಬಂದಿಲ್ಲ ಎಂದರು.