ಕೊಯ್ನಾದ ಬಿರುಕು

ಮೊನ್ನೆ ಊರಿಗೆ ಹೋದಾಗ ನಮ್ಮ ಮನೆಯ ಮಹಡಿ ಗೋಡೆಯಲ್ಲಿ ಒಂದು ಬಿರುಕು ಕಣ್ಣಿಗೆ ಬಿತ್ತು. ಮೇಸ್ತ್ರಿಯನ್ನು ಕರೆಸಿದೆ. "ಏನೂ ಆಗಂಗಿಲ್ರೀ ಸಾಹೇಬ್ರ, ಸಿಮೆಂಟ್ ಅಂದಮ್ಯಾಲ ಸೀಳೂದ" ಅಂತ ನಕ್ಕ. ಅವನ ಮಾತೇನೂ ಪೂರ್ತಿ ಸುಳ್ಳಲ್ಲ. ಕಾಂಕ್ರೀಟು ಎಷ್ಟು ಒತ್ತಿದರೂ ತಡೆದುಕೊಳ್ಳುತ್ತೆ, ಎಳೆದರೆ ಮಾತ್ರ ಬೇಗ ಸೋಲುತ್ತೆ. ಸಣ್ಣಪುಟ್ಟ ಗೆರೆಗಳು ಎಲ್ಲ ಕಟ್ಟಡದಲ್ಲೂ ಇರುತ್ತವೆ. ಆದರೆ ಬಿರುಕು ಎಲ್ಲಿ ಬಿಟ್ಟಿದೆ ಅನ್ನೋದು ಮುಖ್ಯ. ಆವತ್ತು ನನಗೆ ನೆನಪಾದದ್ದು ಕೊಯ್ನಾ.

ನಮ್ಮೂರು ಜಮಖಂಡಿ ಕಡೆ, ಕೃಷ್ಣೆಯ ದಂಡೆಗೆ. ಮಳೆಗಾಲ ಬಂತೆಂದರೆ "ಕೊಯ್ನಾದಿಂದ ಎಷ್ಟು ಬಿಟ್ಟಾರಂತ?" ಅನ್ನೋದೇ ಮಾತು. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಯನ್ನು ಸೇರಿ ನಮ್ಮ ಕಡೆ ಬರುತ್ತೆ. ಹಾಗಾಗಿ ಆ ಅಣೆಕಟ್ಟು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿದ್ದರೂ ಅದರ ಚಿಂತೆ ನಮ್ಮದೂ ಹೌದು.

1967ರ ಡಿಸೆಂಬರ್ 11, ಇನ್ನೂ ಬೆಳಕು ಹರಿದಿರಲಿಲ್ಲ. ಅಣೆಕಟ್ಟಿನ ಹತ್ತಿರವೇ ಭೂಮಿ ನಡುಗಿತು. ತೀವ್ರತೆ 6.3ಕ್ಕೂ ಹೆಚ್ಚು. ಕೊಯ್ನಾನಗರ ನೆಲಸಮವಾಯಿತು, ಸುಮಾರು 180 ಜನ ಸತ್ತರು. ಆ ನಸುಕಿನಲ್ಲಿ ನಮ್ಮನೆಯ ನೆಲುವಿನ ಮೇಲಿನ ಗಡಿಗೆಗಳೂ ಅಲುಗಾಡಿದ್ದವು ಅಂತ ಅಜ್ಜ ಹೇಳುತ್ತಿದ್ದ. 103 ಮೀಟರ್ ಎತ್ತರದ ಅಣೆಕಟ್ಟು ಬೀಳಲಿಲ್ಲ, ಆದರೆ ಬಿರುಕು ಬಿಟ್ಟಿತು. ಹಿಂದೆ ತುಂಬಿದ ಕೆರೆಯಂತೆ ಜಲಾಶಯ ನಿಂತಿತ್ತು!

ಈಗ ಆ ಬಿರುಕು ಬಿಟ್ಟ ಜಾಗ ನೋಡಿ. ನೀರು ಹರಿಯುವ ಗೇಟುಗಳ ಭಾಗಕ್ಕೆ ಅಂಥ ಪೆಟ್ಟು ಬೀಳಲಿಲ್ಲ. ಎರಡೂ ಬದಿಯ ಎತ್ತರದ ಗೋಡೆಗಳಲ್ಲಿ, ಮುಂದೂ ಹಿಂದೂ, ಅಡ್ಡಡ್ಡ ಸೀಳು. ಅದೂ ಕೆಳಗಿನಿಂದ ಇಳಿಜಾರಾಗಿ ಏರಿಬಂದ ಗೋಡೆ ಒಮ್ಮೆಲೇ ಕಡಿದಾಗಿ ಎದ್ದು ನಿಲ್ಲುವ ಕಡೆ. ಹೂಜಿಯ ಕುತ್ತಿಗೆ ಇದ್ದಂತೆ ಅಂದುಕೊಳ್ಳಿ. ಅಲುಗಾಡಿದಾಗ ಎಳೆತವೆಲ್ಲ ಅಲ್ಲಿಗೇ ಬಂದು ಕೂತಿತು.

ಕುತ್ತಿಗೆ ಯಾಕೆ ಬಂತು? ಅಣೆಕಟ್ಟನ್ನು ಮೊದಲು ಎರಡು ಹಂತಗಳಲ್ಲಿ ಕಟ್ಟುವ ಯೋಚನೆ ಇತ್ತು. ಕೆಲಸ ನಡೆಯುತ್ತಿರುವಾಗಲೇ ಒಂದೇ ಸಲಕ್ಕೆ ಪೂರ್ತಿ ಎತ್ತರಕ್ಕೆ ಏರಿಸೋಣ ಅಂತ ತೀರ್ಮಾನವಾಯಿತು. ಅಷ್ಟರಲ್ಲಿ ಬುಡ ಎದ್ದಾಗಿತ್ತು. ಅದಕ್ಕೆ ಹೊಂದಿಸಿ ಮೇಲಿನ ಭಾಗ ಕಟ್ಟಿದಾಗ ಆ ವಿಚಿತ್ರ ಆಕಾರ ಬಂತು.

ಎಂಜಿನಿಯರುಗಳನ್ನು ಬೈಯುವುದು ಸುಲಭ. ಆದರೆ ಆಗ ದಖ್ಖನ್ನಿನ ಈ ಬಂಡೆ ಗಟ್ಟಿ, ಇಲ್ಲಿ ದೊಡ್ಡ ಭೂಕಂಪ ಆಗೋದಿಲ್ಲ ಅನ್ನೋದೇ ಎಲ್ಲರ ನಂಬಿಕೆ. ಆದರೂ ಅವರು ಅಣೆಕಟ್ಟಿನ ತೂಕದ 5%ರಷ್ಟು ಅಡ್ಡ ಬಲ ಬೀಳಬಹುದು ಅಂತ ಲೆಕ್ಕ ಹಾಕಿದ್ದರು. ಆವತ್ತು ಅಣೆಕಟ್ಟಿನೊಳಗಿದ್ದ ಯಂತ್ರ ಬರೆದುಕೊಂಡ ಅಲುಗಾಟ, ನದಿ ಹರಿಯುವ ದಿಕ್ಕಿನಲ್ಲೇ, ಗುರುತ್ವದ ಸುಮಾರು ಅರ್ಧದಷ್ಟು!

ಆಮೇಲೆ ಶುರುವಾಯಿತು ರಿಪೇರಿ. ಬಿರುಕಿನೊಳಗೆ ಎಪಾಕ್ಸಿ ತುಂಬಿದರು. ನೆತ್ತಿಯಿಂದ ರಂಧ್ರ ಕೊರೆದು ಉಕ್ಕಿನ ಕೇಬಲ್ಲುಗಳನ್ನು ಇಳಿಸಿ ಬಿಗಿದು, ಮೇಲಿನ ಭಾಗವನ್ನು ಕೆಳಗಿನದಕ್ಕೆ ಹೊಲಿದಂತೆ ಕಟ್ಟಿದರು. ಅಷ್ಟಕ್ಕೂ ಸಮಾಧಾನವಾಗದೆ ಹಿಂಬದಿಗೆ ದೊಡ್ಡ ದೊಡ್ಡ ಕಾಂಕ್ರೀಟು ಆನಿಕೆಗಳನ್ನು ಕಟ್ಟಿ ಕುತ್ತಿಗೆಯನ್ನೇ ದಪ್ಪ ಮಾಡಿದರು. ಮುಗಿದ ಕೆಲಸವನ್ನು ಮತ್ತೆ ವರ್ಷಗಟ್ಟಲೆ ಮಾಡಿದಂತಾಯಿತು.

1970ರಲ್ಲಿ ದೇಶದ ಭೂಕಂಪ ನಕ್ಷೆ ಪರಿಷ್ಕರಿಸಿದಾಗ 'ಸೊನ್ನೆ' ವಲಯ ಅನ್ನೋದನ್ನೇ ತೆಗೆದುಹಾಕಿದರು. ಅಂದರೆ ಇಲ್ಲಿ ಭಯವೇ ಇಲ್ಲ ಅನ್ನುವ ಜಾಗ ಕಾಗದದ ಮೇಲೂ ಉಳಿಯಲಿಲ್ಲ. ಇವತ್ತಿಗೂ ಬೇರೆ ಬೇರೆ ದೇಶಗಳ ಸಂಶೋಧಕರು ಹೊಸ ಲೆಕ್ಕಾಚಾರದ ವಿಧಾನ ಸರಿಯಿದೆಯೇ ಅಂತ ನೋಡಲು ಕೊಯ್ನಾದ ಬಿರುಕನ್ನೇ ಪರೀಕ್ಷೆಗೆ ಇಟ್ಟುಕೊಳ್ಳುತ್ತಾರೆ.

ಅಂದ ಹಾಗೆ, ನಮ್ಮ ಮನೆ ಕಟ್ಟುವಾಗ ಅಪ್ಪನ ಲೆಕ್ಕದಲ್ಲಿ ಇದ್ದದ್ದು ಒಂದೇ ಅಂತಸ್ತು. ಅರ್ಧ ಕೆಲಸ ಆದಮೇಲೆ "ಹ್ಯಾಂಗೂ ಕಟ್ಟಾಕ್ಹತ್ತೀವಿ, ಮ್ಯಾಲ ಇನ್ನೊಂದು ಆಗಿಬಿಡ್ಲಿ" ಅಂತ ಮಹಡಿ ಏರಿಸಿದ್ದು. ಬಿರುಕು ಬಿಟ್ಟಿರೋದು ಸರಿಯಾಗಿ ಹಳೆಯದೂ ಹೊಸದೂ ಕೂಡುವ ಕಡೆ...

ಮೇಸ್ತ್ರಿಗೆ ಚಹಾ ಕುಡಿಸಿ ಕಳಿಸಿದೆ. ಬರುವ ಭಾನುವಾರ ಎಂಜಿನಿಯರನ್ನು ಕರಕೊಂಡು ಹೋಗಬೇಕು. ನಿಮ್ಮ ಮನೆಯ ಗೋಡೆಯನ್ನೂ ಒಮ್ಮೆ ನೋಡಿಕೊಳ್ಳಿ.